ಟೇಕ್‌ಔಟ್ ರುಚಿಯ ಚೈನೀಸ್ ಸಾಸ್ ಮನೆಯಲ್ಲಿ: ಯಾವ ಪದಾರ್ಥಕ್ಕೆ ಯಾವುದು?

ಅಮೆರಿಕದ ಚೈನೀಸ್ ಟೇಕ್‌ಔಟ್ (ಪಾರ್ಸೆಲ್ ಕಟ್ಟಿಕೊಡುವ) ಅಂಗಡಿಯ ಮೆನುವಿನಲ್ಲಿ ನೂರು ತಿನಿಸುಗಳ ಹೆಸರಿರಬಹುದು. ಒಲೆಯ ಪಕ್ಕದಲ್ಲಿ ಇರುವ ಸಾಸ್‌ಗಳು ಮಾತ್ರ ನಾಲ್ಕೈದು: ಬ್ರೌನ್ ಸಾಸ್, ಅದಕ್ಕೇ ಬೆಳ್ಳುಳ್ಳಿ ಮತ್ತು ಖಾರ ಹೆಚ್ಚಿಸಿದ ಗಾರ್ಲಿಕ್ ಸಾಸ್, ಜನರಲ್ ತ್ಸೋ, ಕುಂಗ್ ಪಾವ್, ಸ್ವೀಟ್ ಆ್ಯಂಡ್ ಸೋರ್. ಮನೆಯಲ್ಲಿ ಮಾಡಲು ಹೊರಟವರು ಸಾಮಾನ್ಯವಾಗಿ ಹೆಸರು ನೋಡಿ ಆರಿಸುತ್ತಾರೆ. ಆರಿಸಬೇಕಾದದ್ದು ಬಾಣಲೆಗೆ ಬೀಳುವ ಪದಾರ್ಥವನ್ನು ನೋಡಿ. ನೀರು ಬಿಡುವ ತರಕಾರಿಗೆ ಒಂದು ಬಗೆ, ಕರಿದ ತುಂಡಿಗೆ ಇನ್ನೊಂದು ಬಗೆ, ಒಣದಾಗಿ ಹುರಿದು ಇಳಿಸುವುದಕ್ಕೆ ಮತ್ತೊಂದು.

ನಾನು ಹನ್ನೊಂದು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಹತ್ತಿರದ ಒಂದು ಅಂಗಡಿಯಿಂದ ಮೂರು ವರ್ಷ ಬ್ರೊಕೊಲಿ ಗಾರ್ಲಿಕ್ ಸಾಸ್ ತರಿಸಿ ತಿಂದೆವು. ಒಂದು ದಿನ ಕೌಂಟರಿನಲ್ಲಿ ಕೇಳಿದಾಗ, ಆ ಸಾಸಿಗೆ ಬಳಸುವ ನೀರು ಕೋಳಿಯನ್ನು ಬೇಯಿಸಿದ ಸ್ಟಾಕ್ ಎಂದು ತಿಳಿಯಿತು. ಅವರು ಸುಳ್ಳು ಹೇಳಿರಲಿಲ್ಲ. ನಾವು ಅದುವರೆಗೆ ಕೇಳಿಯೇ ಇರಲಿಲ್ಲ. ಟೇಕ್‌ಔಟ್ ಅಡುಗೆಮನೆಗಳಲ್ಲಿ ಚಿಕನ್ ಸ್ಟಾಕ್ ಮತ್ತು ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್ ನಮ್ಮಲ್ಲಿ ಉಪ್ಪು, ಸಾಸಿವೆ ಇದ್ದ ಹಾಗೆ. ಅಂದಿನಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಮಾಂಸಾಹಾರಿಗಳಿಗೆ ಇದು ರುಚಿಯ, ಖರ್ಚಿನ ಪ್ರಶ್ನೆಯಾದರೆ ನಮ್ಮಂಥವರಿಗೆ ಏನು ತಿನ್ನುತ್ತಿದ್ದೇವೆ ಎಂದು ಖಚಿತವಾಗಿ ಗೊತ್ತಿರಬೇಕೆಂಬ ಪ್ರಶ್ನೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ಬಂದವರು ಈ ಸಾಸ್‌ಗಳಲ್ಲಿ ಗೋಬಿ ಮಂಚೂರಿಯ ರುಚಿಯನ್ನು ಹುಡುಕುತ್ತಾರೆ, ಸಿಗದೆ ಬೇಸರಪಡುತ್ತಾರೆ. ಮಂಚೂರಿಯನ್ ಹುಟ್ಟಿದ್ದು ಭಾರತದಲ್ಲಿ. ಕೋಲ್ಕತ್ತದಿಂದ ಬಂದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ಬಿನಲ್ಲಿ ಅಡುಗೆ ಮಾಡುತ್ತಿದ್ದಾಗ ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಸೇರಿಸಿ ಮಾಡಿದ ತಿನಿಸು ಅದು. ಅಮೆರಿಕದ ಟೇಕ್‌ಔಟಿನ ಬೇರು ಬೇರೆ ಕಡೆ ಇದೆ. ಚಿನ್ನದ ಗಣಿಗಳಿಗೂ ರೈಲು ಹಳಿಯ ಕೆಲಸಕ್ಕೂ ಬಂದ, ದಕ್ಷಿಣ ಚೀನಾದ ತೈಶಾನ್ ಸೀಮೆಯ ಜನರ ಅಡುಗೆ ಅದು. ಅಮೆರಿಕದ 1882ರ ಕಾಯ್ದೆ ಚೀನೀ ಕಾರ್ಮಿಕರ ವಲಸೆಗೆ ಬಾಗಿಲು ಮುಚ್ಚಿತು. ಅದು ರದ್ದಾದದ್ದು 1943ರಲ್ಲಿ. ಆ ದೀರ್ಘ ಕಾಲದಲ್ಲಿ ಅವರು ಸಿಕ್ಕಿದ್ದರಲ್ಲಿ ಬೇಯಿಸಿದರು. ತಮ್ಮ ಗಾಯ್ ಲಾನ್ ಸೊಪ್ಪಿನ ಜಾಗಕ್ಕೆ ಇಟಲಿಯವರ ಬ್ರೊಕೊಲಿ ಬಂದದ್ದು ಹಾಗೆ. ಖಾರ ಕಡಿಮೆ, ಸಿಹಿ ಹೆಚ್ಚು, ಈರುಳ್ಳಿಯ ಅಬ್ಬರವಿಲ್ಲದ ರುಚಿ ಇದು. ಅದನ್ನು ಅದರಂತೆಯೇ ಮಾಡಿದರೆ ಸೊಗಸು.

ಬಾಟಲಿಯೋ, ಮನೆಯದೋ?

ಎರಡು ತಿಂಗಳಿಗೊಮ್ಮೆ ಮಾತ್ರ ಇಂಥ ಅಡುಗೆ ಮಾಡುವವರಾದರೆ ಅಂಗಡಿಯಲ್ಲಿ ಸಿಗುವ ಸಿದ್ಧ ಸ್ಟರ್ ಫ್ರೈ ಸಾಸ್ ಕೊಳ್ಳಿ. ಐದು ಬಾಟಲಿ ತಂದು ಫ್ರಿಜ್ಜಿನ ಬಾಗಿಲಲ್ಲಿ ಹಳಸಲು ಬಿಡುವುದಕ್ಕಿಂತ ಅದೇ ಮೇಲು. ಕೊಳ್ಳುವಾಗ ಹಿಂಬದಿಯ ಚೀಟಿಯಲ್ಲಿ ಸಕ್ಕರೆ ಎಷ್ಟನೆಯ ಸಾಲಿನಲ್ಲಿದೆ, ಆಯ್ಸ್ಟರ್ ಅಥವಾ ಮೀನಿನ ಸತ್ವ ಇದೆಯೇ ಎಂದು ಓದಿ.

ತಿಂಗಳಿಗೆ ಎರಡು ಮೂರು ಸಲ ಮಾಡುವವರಾದರೆ ಸಿದ್ಧ ಸಾಸ್ ಬೇಡ. ಅದು ಎಲ್ಲ ತರಕಾರಿಗೂ ಒಂದೇ ರುಚಿ ಕೊಡುತ್ತದೆ. ಗಟ್ಟಿ ಮಾಡುವ ಹಿಟ್ಟನ್ನು ಮೊದಲೇ ಸೇರಿಸಿರುವುದರಿಂದ ಹದವೂ ನಮ್ಮ ಕೈಯಲ್ಲಿ ಇರುವುದಿಲ್ಲ. ಬದಲಿಗೆ ಮೂಲ ಪದಾರ್ಥಗಳನ್ನು ಕೊಳ್ಳಿ: ಲೈಟ್ ಸೋಯಾ, ಡಾರ್ಕ್ ಸೋಯಾ, ಅಣಬೆಯಿಂದ ಮಾಡಿದ ಸಸ್ಯಾಹಾರಿ ಆಯ್ಸ್ಟರ್ ಸಾಸ್, ಅಕ್ಕಿಯ ವಿನೆಗರ್, ಹುರಿದ ಎಳ್ಳಿನ ಎಣ್ಣೆ. ಹೊಯ್ಸಿನ್ ಸಾಸ್ ಒಂದನ್ನು ಮಾತ್ರ ಸಿದ್ಧವಾಗಿಯೇ ತನ್ನಿ. ಹುದುಗು ಬರಿಸಿದ ಸೋಯಾ ಕಾಳಿನ ಮುದ್ದೆಯಿಂದ ಶುರುವಾಗುವ ಆ ಸಾಸನ್ನು ಮನೆಯಲ್ಲಿ ಸರಿಯಾಗಿ ಮಾಡಲು ನನಗೆ ಒಮ್ಮೆಯೂ ಆಗಿಲ್ಲ.

ಕೊಳ್ಳುವಾಗ ಎಡವುವ ಜಾಗಗಳು

ಲೈಟ್ ಸೋಯಾ ಎಂದರೆ ಉಪ್ಪು ಕಡಿಮೆ ಎಂದು ತಿಳಿಯಬೇಡಿ. ಚೀನೀ ಬಾಟಲಿಯ ಮೇಲಿನ ‘ಲೈಟ್’ ಬಣ್ಣಕ್ಕೂ ತೆಳುವಿಗೂ ಸಂಬಂಧಿಸಿದ್ದು; ಉಪ್ಪು ಅದರಲ್ಲೇ ಢಾಳಾಗಿರುತ್ತದೆ. ಉಪ್ಪು ಕಡಿಮೆ ಇರುವುದು ಬೇಕಾದರೆ ‘ಲೆಸ್ ಸೋಡಿಯಂ’ ಎಂದು ಬರೆದಿರಬೇಕು. ಸಾಧಾರಣ ಸೋಯಾ ಸಾಸಿನ ಒಂದು ದೊಡ್ಡ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ ಇರುತ್ತದೆ. ವಯಸ್ಕರಿಗೆ ದಿನಕ್ಕೆ 2,300 ಮಿಲಿಗ್ರಾಂ ಮೀರಬಾರದೆಂದು ಅಮೆರಿಕದ ಆಹಾರ ಮಾರ್ಗಸೂಚಿ ಹೇಳುತ್ತದೆ. ರಕ್ತದೊತ್ತಡ ಇರುವವರ ಮನೆಯಲ್ಲಿ ಈ ಲೆಕ್ಕ ಮುಖ್ಯ. ಗೋಧಿ ಆಗದವರು ಗೋಧಿಯಿಲ್ಲದ ತಮರಿ ಎಂಬ ಜಪಾನೀ ಸೋಯಾ ಸಾಸ್ ಕೊಳ್ಳಬೇಕು, ಏಕೆಂದರೆ ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ.

ಡಾರ್ಕ್ ಸೋಯಾ ರುಚಿಗಿಂತ ಹೆಚ್ಚಾಗಿ ಬಣ್ಣಕ್ಕೆ. ಟೇಕ್‌ಔಟ್ ಡಬ್ಬಿಯ ಆ ಕಡು ಕಂದು, ಮಿಂಚುವ ಬಣ್ಣ ಬರುವುದು ಅದರ ಒಂದೇ ಸಣ್ಣ ಚಮಚದಿಂದ. ಅದಿಲ್ಲದೆ ಬಣ್ಣ ಬರಿಸಲು ಹೋಗಿ ಲೈಟ್ ಸೋಯಾವನ್ನೇ ಸುರಿದರೆ ಸಾಸ್ ಉಪ್ಪಾಗುತ್ತದೆ. ಭಾರತೀಯ ಅಂಗಡಿಯ ಡಾರ್ಕ್ ಸೋಯಾ ಸಾಸನ್ನು ಇದರ ಬದಲಿಗೆ ಬಳಸಬೇಡಿ ಎಂಬುದು ನನ್ನ ಸಲಹೆ. ಅಂಥ ಹಲವು ಬಾಟಲಿಗಳಲ್ಲಿ ಹುಳಿಯ ಎಳೆಯೊಂದು ಇರುತ್ತದೆ. ಮಂಚೂರಿಗೆ ಅದು ಒಪ್ಪುತ್ತದೆ, ಬ್ರೌನ್ ಸಾಸಿಗೆ ಒಪ್ಪುವುದಿಲ್ಲ.

ಎಳ್ಳೆಣ್ಣೆಯ ವಿಷಯದಲ್ಲಿ ನಾನೇ ತಪ್ಪು ಮಾಡಿದ್ದೆ. ಉಪ್ಪಿನಕಾಯಿಗೆ, ಚಟ್ನಿಪುಡಿಗೆ ಹಾಕುವ ನಮ್ಮ ಎಳ್ಳೆಣ್ಣೆ ಹುರಿಯದ ಎಳ್ಳಿನದು. ಇಲ್ಲಿ ಬೇಕಾದದ್ದು ಚೆನ್ನಾಗಿ ಹುರಿದ ಎಳ್ಳಿನಿಂದ ತೆಗೆದ, ಕಾಫಿ ಡಿಕಾಕ್ಷನ್ನಿನ ಬಣ್ಣದ ಎಣ್ಣೆ. ಅದು ಒಗ್ಗರಣೆಗಲ್ಲ, ಒಲೆ ಆರಿಸಿದ ಮೇಲೆ ಒಂದು ಸಣ್ಣ ಚಮಚ ಹಾಕಿದರೆ ಸಾಕು. ಕಾಯಿಸಿದರೆ ಪರಿಮಳ ಹಾರಿಹೋಗುತ್ತದೆ.

ಭಾರತದಿಂದ ಹೊಸದಾಗಿ ಬಂದವರು ಹಿಟ್ಟಿನಲ್ಲಿಯೂ ಮೋಸಹೋಗುತ್ತಾರೆ. ನಾವು ಕಾರ್ನ್ ಫ್ಲೋರ್ ಎನ್ನುವ ಬಿಳಿಯ ನುಣುಪಾದ ಪುಡಿಗೆ ಅಮೆರಿಕದಲ್ಲಿ ಕಾರ್ನ್ ಸ್ಟಾರ್ಚ್ ಎಂದು ಹೆಸರು. ಅಲ್ಲಿ ಕಾರ್ನ್ ಫ್ಲೋರ್ ಎಂದು ಕೊಂಡರೆ ಮುಸುಕಿನ ಜೋಳದ ಹಿಟ್ಟು ಸಿಗುತ್ತದೆ, ಸಾಸ್ ಗಂಜಿಯಾಗುತ್ತದೆ. ಆಲೂಗಡ್ಡೆಯ ಸ್ಟಾರ್ಚ್ ಸಿಕ್ಕರೆ ಇನ್ನೂ ಒಳ್ಳೆಯದು. ಹೆಚ್ಚು ತಿಳಿಯಾದ ಹೊಳಪು ಬರುತ್ತದೆ. ಆದರೆ ಅದನ್ನು ಹೆಚ್ಚು ಹೊತ್ತು ಕುದಿಸಬಾರದು.

ಅಜಿನೊಮೊಟೊ ಹಾಕಬೇಕೇ? ಟೋಕಿಯೊದ ಕಿಕುನೆ ಇಕೆದಾ 1908ರಲ್ಲಿ ಕೊಂಬು ಎಂಬ ಕಡಲಕಳೆಯಿಂದ ಬೇರ್ಪಡಿಸಿದ ಗ್ಲುಟಮೇಟಿನ ಉಪ್ಪು ಅದು. 1968ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ಓದುಗರ ಪತ್ರದಿಂದ ಅದರ ಬಗ್ಗೆ ಭಯ ಹರಡಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅದನ್ನು ಸಾಮಾನ್ಯವಾಗಿ ಸುರಕ್ಷಿತವೆಂದೇ ಪರಿಗಣಿಸುತ್ತದೆ. ಅದರಲ್ಲಿರುವ ಸೋಡಿಯಂ ಅಡುಗೆ ಉಪ್ಪಿನಲ್ಲಿರುವುದರ ಮೂರನೇ ಒಂದು ಪಾಲು ಮಾತ್ರ. ಕಾಲು ಸಣ್ಣ ಚಮಚ ಹಾಕಿ, ಸೋಯಾ ಸ್ವಲ್ಪ ಇಳಿಸಿ. ಮನಸ್ಸು ಒಪ್ಪದಿದ್ದರೆ ಒಣಗಿದ ಶಿಟಾಕೆ ಅಣಬೆಯನ್ನು ರಾತ್ರಿ ತಣ್ಣೀರಿನಲ್ಲಿ ನೆನೆಸಿಟ್ಟು, ಆ ನೀರನ್ನೇ ಸ್ಟಾಕ್ ಆಗಿ ಬಳಸಿ. ನಾನು ಮಾಡುವುದು ಹಾಗೆ. ನಾಲ್ಕು ಅಣಬೆಗೆ ಎರಡು ಕಪ್ ನೀರು. ಕೋಳಿಯ ಸ್ಟಾಕ್ ಕೊಡುವ ಗಾಢತೆ ಸಸ್ಯಾಹಾರದಲ್ಲಿ ಸಿಗುವುದಾದರೆ ಈ ನೀರಿನಿಂದಲೇ.

ಒಂದು ಮೂಲ

ನಾಲ್ಕು ಸಲಕ್ಕಾಗುವಷ್ಟು ಮೂಲ ಸಾಸನ್ನು ಹೀಗೆ ಬೆರೆಸಿಡಿ: ಲೈಟ್ ಸೋಯಾ 120 ಮಿ.ಲೀ., ಅಣಬೆಯ ಸಸ್ಯಾಹಾರಿ ಆಯ್ಸ್ಟರ್ ಸಾಸ್ 60 ಮಿ.ಲೀ., ಡಾರ್ಕ್ ಸೋಯಾ ನಾಲ್ಕು ಸಣ್ಣ ಚಮಚ, ಸಕ್ಕರೆ ಎಂಟು ಸಣ್ಣ ಚಮಚ, ಬಿಳಿ ಮೆಣಸಿನ ಪುಡಿ ಒಂದು ಸಣ್ಣ ಚಮಚ. ಒಲೆ ಬೇಕಾಗಿಲ್ಲ, ಗಾಜಿನ ಶೀಶೆಯಲ್ಲಿ ಹಾಕಿ ಸಕ್ಕರೆ ಕರಗುವವರೆಗೆ ಕುಲುಕಿದರಾಯಿತು. ಫ್ರಿಜ್ಜಿನಲ್ಲಿ ಎರಡು ಮೂರು ವಾರ ಚೆನ್ನಾಗಿರುತ್ತದೆ.

ಈ ಶೀಶೆಗೆ ಬೆಳ್ಳುಳ್ಳಿ, ಶುಂಠಿ, ಸ್ಟಾಕ್, ಸ್ಟಾರ್ಚ್ ಯಾವುದನ್ನೂ ಸೇರಿಸಬೇಡಿ. ಸ್ಟಾಕ್ ಬೇಗ ಕೆಡುತ್ತದೆ, ಸ್ಟಾರ್ಚ್ ತಳದಲ್ಲಿ ಕಲ್ಲಿನಂತೆ ಕೂರುತ್ತದೆ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಅಭ್ಯಾಸವಂತೂ ನಿಜಕ್ಕೂ ಅಪಾಯಕಾರಿ; ಗಾಳಿಯಾಡದ ಜಾಗದಲ್ಲಿ ಬೊಟುಲಿಸಂ ವಿಷ ಹುಟ್ಟಬಹುದು. ಅವೆಲ್ಲ ಆ ದಿನದ ಬಾಣಲೆಗೆ ಸೇರಬೇಕಾದವು.

ಬೆಳ್ಳುಳ್ಳಿ ತಿನ್ನದವರಿಗೂ ಈ ಮೂಲ ಹೊಂದುತ್ತದೆ. ಚೀನಾದ ಬೌದ್ಧ ಸಸ್ಯಾಹಾರಿ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ. ಅಲ್ಲಿ ಶುಂಠಿ, ಅಣಬೆ, ಎಳ್ಳೆಣ್ಣೆಯಲ್ಲೇ ರುಚಿ ಕಟ್ಟುತ್ತಾರೆ.

ಬ್ರೌನ್ ಸಾಸ್: ನೀರು ಬಿಡುವ ತರಕಾರಿಗೆ

ಒಂದೇ ಸಾಸ್ ಕಲಿಯುತ್ತೇನೆ ಎನ್ನುವವರಿಗೆ ನಾನು ಕೊಡುವ ಉತ್ತರ ಇದು. ಬ್ರೊಕೊಲಿ, ಎಲೆಕೋಸು, ಬೀನ್ಸ್, ಅಣಬೆ, ಬದನೆ, ತೋಫು (ಸೋಯಾ ಪನೀರ್), ನೂಡಲ್ಸ್ ಎಲ್ಲಕ್ಕೂ ಸಲ್ಲುತ್ತದೆ. ಅರ್ಧ ಕಿಲೋ ತರಕಾರಿಗೆ ಮೂಲ ಸಾಸ್ ಮೂರೂವರೆ ದೊಡ್ಡ ಚಮಚ, ಅಣಬೆಯ ನೀರು ಅರ್ಧ ಕಪ್. ಒಂದು ದೊಡ್ಡ ಚಮಚ ಕಾರ್ನ್ ಸ್ಟಾರ್ಚನ್ನು ಎರಡು ದೊಡ್ಡ ಚಮಚ ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಕದಡಿಡಿ.

ಕಷ್ಟವಿರುವುದು ಸಾಸಿನಲ್ಲಲ್ಲ, ಉರಿಯಲ್ಲಿ. ಹೋಟೆಲಿನ ವೋಕ್ (ಚೀನೀ ಬಾಣಲೆ) ಒಲೆಯ ಉರಿ ನಮ್ಮ ಮನೆಯ ಬರ್ನರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಬಲವಾಗಿರಬಹುದು. ಅಲ್ಲಿ ತರಕಾರಿ ಬಿಟ್ಟ ನೀರು ಕ್ಷಣದಲ್ಲಿ ಆವಿಯಾಗುತ್ತದೆ. ನಮ್ಮಲ್ಲಿ ಬಾಣಲೆಯ ತಳದಲ್ಲಿ ನಿಂತು ಸಾಸನ್ನು ಸಾರು ಮಾಡುತ್ತದೆ. ಆದ್ದರಿಂದ ಬ್ರೊಕೊಲಿಯನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಒಂದು ನಿಮಿಷ ಅದ್ದಿ, ಚೆನ್ನಾಗಿ ಬಸಿದು, ಬಟ್ಟೆಯ ಮೇಲೆ ಹರಡಿ ಆರಿಸಿ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಎಣ್ಣೆ, ಮೂರು ಎಸಳು ಬೆಳ್ಳುಳ್ಳಿ, ಒಂದು ಇಂಚು ಶುಂಠಿ ಹಾಕಿ ಹತ್ತು ಸೆಕೆಂಡು ಕೈಯಾಡಿಸಿ. ಕೂಡಲೇ ತರಕಾರಿ ಹಾಕಿ. ಅರ್ಧ ಕಿಲೋ ಒಟ್ಟಿಗೆ ಬೇಡ, ಎರಡು ಕಂತಿನಲ್ಲಿ ಹುರಿಯಿರಿ.

ಸಾಸನ್ನು ತರಕಾರಿಯ ಮೇಲೆ ಹೊಯ್ಯದೆ ಬಾಣಲೆಯ ಬಿಸಿ ಅಂಚಿನ ಸುತ್ತ ಸುರಿಯಿರಿ. ಸೋಯಾ ಅಲ್ಲಿ ಚುರ್ ಎಂದು ಸುಟ್ಟು ಇಳಿದಾಗ ಬರುವ ಪರಿಮಳವೇ ಟೇಕ್‌ಔಟಿನದು. ಕುದಿ ಬಂದ ಮೇಲೆ ಸ್ಟಾರ್ಚಿನ ನೀರನ್ನು ಮತ್ತೊಮ್ಮೆ ಕದಡಿ, ಒಂದೇ ಸಲಕ್ಕೆ ಸುರಿಯದೆ ಮುಕ್ಕಾಲು ಭಾಗ ಹಾಕಿ ನೋಡಿ. ಕುದಿ ಬರದೆ ಹಾಕಿದರೆ ಹಸಿ ಹಿಟ್ಟಿನ ವಾಸನೆ ಉಳಿಯುತ್ತದೆ. ಚಮಚದ ಹಿಂಬದಿಗೆ ಅಂಟಿ, ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೆಯೇ ನಿಲ್ಲಬೇಕು. ಆಗ ಒಲೆ ಆರಿಸಿ.

ಗಾರ್ಲಿಕ್ ಸಾಸ್ ಬೇಕಾದ ದಿನ ಬೆಳ್ಳುಳ್ಳಿಯನ್ನು ಆರೇಳು ಎಸಳಿಗೆ ಏರಿಸಿ, ವಿನೆಗರ್ ಮತ್ತು ಸಕ್ಕರೆ ತಲಾ ಒಂದು ದೊಡ್ಡ ಚಮಚ, ಮೆಣಸಿನಕಾಯಿ ಪೇಸ್ಟ್ ಒಂದು ಸಣ್ಣ ಚಮಚ ಸೇರಿಸಿ. ಬದನೆಕಾಯಿಗೆ ಬ್ರೌನ್ ಸಾಸಿಗಿಂತ ಇದೇ ಚೆನ್ನ.

ಜನರಲ್ ತ್ಸೋ: ಕರಿದ ತುಂಡಿಗೆ ಮಾತ್ರ

ಚೀನಾದ ಹುನಾನ್ ಪ್ರಾಂತ್ಯದಲ್ಲಿ ಹುಟ್ಟಿ 1949ರಲ್ಲಿ ತೈವಾನಿಗೆ ಹೋದ ಪೆಂಗ್ ಚಾಂಗ್‌ಕ್ವೇ ಎಂಬ ಬಾಣಸಿಗರು 1950ರ ದಶಕದಲ್ಲಿ ಅಲ್ಲಿ ರೂಪಿಸಿದ ತಿನಿಸು ಇದು. ಹೆಸರು 19ನೇ ಶತಮಾನದ ಸೇನಾಪತಿ ತ್ಸೋ ತ್ಸುಂಗ್‌ತಾಂಗರದು. ಅವರು ಇದನ್ನು ತಿಂದದ್ದೇ ಇಲ್ಲ. ಪೆಂಗ್ ಅವರ ಮೂಲ ತಿನಿಸು ಉಪ್ಪು, ಹುಳಿ, ಖಾರದ್ದು; ಸಿಹಿ ಇರಲಿಲ್ಲ. 1970ರ ದಶಕದಲ್ಲಿ ನ್ಯೂಯಾರ್ಕ್ ತಲುಪಿದ ಮೇಲೆ ಸಕ್ಕರೆಯೂ ಗರಿಗರಿಯ ಹೊದಿಕೆಯೂ ಸೇರಿದವು.

ಆ ಸಕ್ಕರೆಯೇ ಈ ಸಾಸಿನ ಗುಣವನ್ನು ನಿರ್ಧರಿಸುತ್ತದೆ. ಇದು ಪಾಕದಂತೆ ಅಂಟಬೇಕು, ತುಂಡನ್ನು ನೆನೆಸಬಾರದು. ಮೂಲ ಸಾಸ್ ಮೂರು ದೊಡ್ಡ ಚಮಚ, ಸಕ್ಕರೆ ಮೂರು, ಅಕ್ಕಿಯ ವಿನೆಗರ್ ಎರಡು, ಅಣಬೆ ನೀರು ಐದು, ಸ್ಟಾರ್ಚ್ ಎರಡು ಸಣ್ಣ ಚಮಚ. ಎಣ್ಣೆಯಲ್ಲಿ ಆರೇಳು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ಸಾಸ್ ಸುರಿದು, ದೊಡ್ಡ ಗುಳ್ಳೆಗಳು ನಿಧಾನವಾಗಿ ಒಡೆಯುವ ಹದಕ್ಕೆ ಕುದಿಸಿ. ಕರಿದ ಹೂಕೋಸು ಅಥವಾ ತೋಫುವನ್ನು ಕೊನೆಗೆ ಹಾಕಿ, ಅರ್ಧ ನಿಮಿಷದಲ್ಲಿ ಇಳಿಸಿ. ಹಸಿ ತರಕಾರಿಗೆ ಇದನ್ನು ಹಾಕಬೇಡಿ; ತರಕಾರಿಯ ನೀರಿಗೆ ಪಾಕ ಸಡಿಲಾಗಿ ಬರೀ ಸಿಹಿ ಉಳಿಯುತ್ತದೆ.

ಕುಂಗ್ ಪಾವ್: ಸಾಸ್ ಕಡಿಮೆ, ಪರಿಮಳ ಹೆಚ್ಚು

ಚೀನಾದ ಸಿಚುವಾನ್ ಪ್ರಾಂತ್ಯದ ಆಡಳಿತಗಾರರಾಗಿದ್ದ ದಿಂಗ್ ಬಾವ್‌ಚೆನ್ ಅವರ ಪದವಿಯ ಹೆಸರಿನಿಂದ ಬಂದ ಈ ತಿನಿಸು ನನಗೆ ಎಲ್ಲಕ್ಕಿಂತ ಪ್ರಿಯ. ನಮ್ಮ ಪದಾರ್ಥಗಳು ಇದರಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತವೆ. ಇದಕ್ಕೆ ಬೇಕಾದ ಒಣಮೆಣಸಿನಕಾಯಿ ಎಣ್ಣೆಗೆ ಬಣ್ಣವನ್ನೂ ಸುಟ್ಟ ಪರಿಮಳವನ್ನೂ ಕೊಡಬೇಕು, ನಾಲಿಗೆ ಸುಡಬಾರದು. ಬ್ಯಾಡಗಿ ಮೆಣಸಿನಕಾಯಿಯ ಗುಣವೇ ಅದು. ಗುಂಟೂರು ಹಾಕಿದರೆ ಖಾರವೇ ಮುಂದಾಗುತ್ತದೆ. ಎಂಟು ಹತ್ತು ಬ್ಯಾಡಗಿಯನ್ನು ತುಂಡು ಮಾಡಿ, ಬೀಜ ಉದುರಿಸಿ, ಕಡಿಮೆ ಉರಿಯ ಎಣ್ಣೆಯಲ್ಲಿ ಬಣ್ಣ ಸ್ವಲ್ಪ ಕಪ್ಪಿಗೆ ತಿರುಗುವವರೆಗೆ ಬಿಡಿ.

ಇನ್ನೊಂದು ಸಿಚುವಾನ್ ಮೆಣಸು. ನಿಂಬೆ ಜಾತಿಯ ಗಿಡಗಳಿಗೆ ತಗಲುವ ಕ್ಯಾಂಕರ್ ರೋಗವನ್ನು ಹೊತ್ತು ತರಬಹುದೆಂದು ಅಮೆರಿಕ 1968ರಿಂದ 2005ರವರೆಗೆ ಅದರ ಆಮದನ್ನು ನಿಷೇಧಿಸಿತ್ತು. ಟೇಕ್‌ಔಟ್ ಅಂಗಡಿಗಳ ಹಳೆಯ ಕುಂಗ್ ಪಾವ್‌ನಲ್ಲಿ ನಾಲಿಗೆ ಜುಮ್ಮೆನ್ನಿಸುವ ಗುಣ ಕಡಿಮೆಯಿರುವುದಕ್ಕೆ ಅದೂ ಒಂದು ಕಾರಣ. ಕರಾವಳಿಯವರಿಗೆ ಆ ಜುಮ್ಮು ಹೊಸದಲ್ಲ. ಕೊಂಕಣಿಗರು ತೆಪ್ಪಾಲ್ ಎನ್ನುವ ಜುಮ್ಮನಕಾಯಿ ಅದೇ ಕುಲಕ್ಕೆ ಸೇರಿದ ಮರದ ಫಲ. ಸಿಪ್ಪೆಯನ್ನು ಮಾತ್ರ ಬಳಸಿ ಒಳಗಿನ ಕರಿಬೀಜ ಬಿಸಾಡುವ ಕ್ರಮ ಎರಡಕ್ಕೂ ಒಂದೇ. ಊರಿನಿಂದ ತಂದ ಜುಮ್ಮನಕಾಯಿ ಇದ್ದರೆ ಐದಾರು ಸಿಪ್ಪೆ ಹಾಕಿ ನೋಡಿ. ಪರಿಮಳ ಬೇರೆಯಾದರೂ ಜುಮ್ಮು ಸಿಗುತ್ತದೆ.

ಸಾಸಿಗೆ ಮೂಲ ಎರಡು ದೊಡ್ಡ ಚಮಚ, ಚೀನೀ ಕಪ್ಪು ವಿನೆಗರ್ ಒಂದು, ಸಕ್ಕರೆ ಎರಡು ಸಣ್ಣ ಚಮಚ, ನೀರು ಮೂರು ದೊಡ್ಡ ಚಮಚ, ಸ್ಟಾರ್ಚ್ ಒಂದು ಸಣ್ಣ ಚಮಚ. ಇಷ್ಟೇ. ತಟ್ಟೆಯಲ್ಲಿ ಸಾಸ್ ನಿಲ್ಲಬಾರದು. ಹುರಿದ ಕಡಲೆಕಾಯಿ ಬೀಜವನ್ನು ಒಲೆ ಆರಿಸಿದ ಮೇಲೆ ಸೇರಿಸಿ. ಗಟ್ಟಿ ತೋಫು, ದೊಣ್ಣೆಮೆಣಸಿನಕಾಯಿ, ಆಲೂಗಡ್ಡೆಯ ಸಣ್ಣ ತುಂಡುಗಳಿಗೆ ಇದು ಹೊಂದುತ್ತದೆ.

ಸ್ವೀಟ್ ಆ್ಯಂಡ್ ಸೋರ್

ಇದು ಮೂಲ ಸಾಸಿನ ಕವಲಲ್ಲ, ಬಣ್ಣವೂ ಕೆಂಪು. ಕೆಚಪ್ ಮೂರು ದೊಡ್ಡ ಚಮಚ, ವಿನೆಗರ್ ಮೂರು, ಸಕ್ಕರೆ ನಾಲ್ಕು, ಅನಾನಸ್ ರಸ ಅರ್ಧ ಕಪ್, ಲೈಟ್ ಸೋಯಾ ಒಂದು ಸಣ್ಣ ಚಮಚ, ಸ್ಟಾರ್ಚ್ ಒಂದು ದೊಡ್ಡ ಚಮಚ. ಅನಾನಸ್ ಗೊಜ್ಜು ಮಾಡಿ ಗೊತ್ತಿರುವ ಕೈಗೆ ಇದರ ಹದ ತಾನಾಗಿ ಸಿಗುತ್ತದೆ: ಮೊದಲು ಹುಳಿ ತಾಗಬೇಕು, ಹಿಂದೆಯೇ ಸಿಹಿ ಬರಬೇಕು. ಅಂಗಡಿಯ ಗಾಢ ಕೆಂಪಿಗಾಗಿ ಬಣ್ಣ ಹಾಕುವ ಅಗತ್ಯವಿಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ನಿಷೇಧಿಸಿದ್ದನ್ನು ಓದಿದವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಿರುವ ಮನೆಗೆ, ಕರಿದ ಬೇಬಿ ಕಾರ್ನ್ ಅದ್ದಿಕೊಂಡು ತಿನ್ನಲು ಇದು ಒಳ್ಳೆಯದು. ವಿನೆಗರಿನ ಹುಳಿ ಸ್ಟಾರ್ಚನ್ನು ಸಡಿಲಿಸುವುದರಿಂದ ದಪ್ಪವಾದ ಕೂಡಲೇ ಇಳಿಸಿ. ಇನ್ನಷ್ಟು ಗಟ್ಟಿಯಾಗಲಿ ಎಂದು ಕುದಿಸುತ್ತಾ ಹೋದರೆ ಮತ್ತೆ ತೆಳುವಾಗುತ್ತದೆ.

ಮರುದಿನಕ್ಕೆ ಉಳಿದರೆ

ಕಾರ್ನ್ ಸ್ಟಾರ್ಚಿನಿಂದ ಗಟ್ಟಿ ಮಾಡಿದ ಯಾವ ಸಾಸನ್ನೂ ಫ್ರೀಜರಿನಲ್ಲಿ ಇಡಬೇಡಿ; ಕರಗಿದಾಗ ನೀರು ಬೇರೆ, ಮುದ್ದೆ ಬೇರೆ ಆಗುತ್ತದೆ. ಬ್ರೌನ್ ಸಾಸಿನ ತರಕಾರಿ ಫ್ರಿಜ್ಜಿನಲ್ಲಿ ಮರುದಿನಕ್ಕೂ ಚೆನ್ನಾಗಿರುತ್ತದೆ. ಬಾಣಲೆಯಲ್ಲಿ ಎರಡು ಚಮಚ ನೀರು ಚಿಮುಕಿಸಿ ಬಿಸಿ ಮಾಡಿ, ಅದಕ್ಕೇ ಹಿಂದಿನ ರಾತ್ರಿಯ ತಣ್ಣಗಾದ ಅನ್ನ ಸೇರಿಸಿದರೆ ಬೆಳಗಿನ ಡಬ್ಬಿಗೆ ಫ್ರೈಡ್ ರೈಸ್ ಆಯಿತು. ಜನರಲ್ ತ್ಸೋ ಮಾತ್ರ ಉಳಿಸುವಂಥದ್ದಲ್ಲ. ಅತಿಥಿಗಳು ತಡವಾಗಿ ಬರುವವರಾದರೆ ಕರಿದ ತುಂಡುಗಳನ್ನು ಒಂದು ತಟ್ಟೆಯಲ್ಲಿ, ಸಾಸನ್ನು ಇನ್ನೊಂದು ಪಾತ್ರೆಯಲ್ಲಿ ಇಟ್ಟಿರಿ. ಅವರು ಕೈತೊಳೆದು ಕುಳಿತ ಮೇಲೆ ತುಂಡುಗಳನ್ನು ಬಿಸಿ ಓವನ್ನಿನಲ್ಲಿ ಐದು ನಿಮಿಷ ಇಟ್ಟು, ಕುದಿಯುವ ಸಾಸಿಗೆ ಹಾಕಿ, ನೇರವಾಗಿ ತಟ್ಟೆಗೆ ಬಡಿಸಿ.